ಸಾಲಿನ ಮುಂದಿನ ನಕ್ಷತ್ರ

ಪಾಂಡವಪುರದ ಪೇಟೆಬೀದಿಯ ಒಂದು ಮಹಡಿಯ ಮೇಲೆ ನಮ್ಮ ಮೇಷ್ಟರ ಟೈಪಿಂಗ್ ಶಾಲೆ ಇತ್ತು. ನಾನು ಪಿಯುಸಿ ಮುಗಿಸಿ ಅಲ್ಲಿಗೆ ಕಲಿಯಲು ಬಂದವಳು, ಕಲಿತಾದ ಮೇಲೆ ಕಲಿಸುವುದಕ್ಕೆ ಅಲ್ಲೇ ಉಳಿದೆ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಮೇಷ್ಟರು ಹಳೆಯ ಟೈಪ್‌ರೈಟರುಗಳಲ್ಲಿ ಕೆಲವನ್ನು ಗೋಡೆಗೆ ಒತ್ತರಿಸಿ, ಆ ಜಾಗಕ್ಕೆ ಮೂರು ಕಂಪ್ಯೂಟರ್ ತಂದರು. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕಿಟಕಿಗೆ ದಪ್ಪ ಪರದೆ ಹಾಕಿದ್ದರು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದ ದಿನ ಕಾಕಂಬಿಯ ವಾಸನೆ ಆ ಪರದೆಯನ್ನೂ ದಾಟಿ ಬರುತ್ತಿತ್ತು.

ಮೇಷ್ಟರಿಗೆ ಆಗಲೇ ಅರವತ್ತರ ಹತ್ತಿರ. ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲವರು. ನನ್ನನ್ನು ಮೂರು ತಿಂಗಳು ಮೈಸೂರಿಗೆ ಕಳಿಸಿ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರು ಅವರೇ. ವಾಪಸು ಬಂದ ದಿನ ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, “ನೋಡವ್ವ, ಕೀಲಿಮಣೆ ಏನಿದ್ರೂ ನಾನು ಬಲ್ಲೆ. ಒಳಗಿಂದು ನಂಗೆ ಗೊತ್ತಾಗಕಿಲ್ಲ. ನೀನೇ ನೋಡ್ಕ,” ಅಂದಿದ್ದರು. ಸಿಂಧಘಟ್ಟದ ಬೇಸಾಯದ ಮನೆಯಿಂದ ಬಂದ ಹುಡುಗಿಗೆ ಅದು ದೊಡ್ಡ ಮಾತು.

ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದವಳು ನನ್ನ ಗೆಳತಿ. ಶ್ರೀರಂಗಪಟ್ಟಣದವಳು, ಅವಳ ತಂದೆ ಕೋಟೆಯೊಳಗಿನ ಒಂದು ದೇವಸ್ಥಾನದಲ್ಲಿ ಪೂಜೆಗಿದ್ದರು. ಬೆಳಿಗ್ಗೆ ಆರೂವರೆಯ ತರಗತಿಗೆ ಊರಿಂದ ಬರಲಾಗುವುದಿಲ್ಲವೆಂದು ನಾವಿಬ್ಬರೂ ಸೇರಿ ಒಂದು ರೂಮು ಮಾಡಿಕೊಂಡಿದ್ದೆವು. ಅವಳ ಅಮ್ಮ ಕಳಿಸಿದ ಪುಳಿಯೋಗರೆ ಗೊಜ್ಜು ಒಂದು ಡಬ್ಬಿಯಲ್ಲಿ, ನಮ್ಮಮ್ಮ ಕಳಿಸಿದ ರಾಗಿ ಹಿಟ್ಟು ಇನ್ನೊಂದರಲ್ಲಿ. ಬಿಡುವಿದ್ದ ಶನಿವಾರ ಅವಳ ಜೊತೆ ಕರಿಘಟ್ಟಕ್ಕೆ ಹೋಗುತ್ತಿದ್ದೆ. ಮೆಟ್ಟಿಲು ಹತ್ತುವಾಗ ಅವಳು ನನ್ನ ಸೆರಗು ಹಿಡಿದುಕೊಂಡು, ತಾನು ಯಾರಿಗೂ ಹೇಳದ ವಿಷಯಗಳನ್ನು ಹೇಳುತ್ತಿದ್ದಳು. ನಮ್ಮೂರಿಗೂ ಎರಡು ಸಲ ಬಂದಿದ್ದಳು. ನಮ್ಮಪ್ಪ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಅವರೆಕಾಯಿ ಬಿಡಿಸಿಕೊಟ್ಟಿದ್ದರು.

ಮೈಸೂರಿನಲ್ಲಿ ಕಲಿತಿದ್ದನ್ನೆಲ್ಲ ನಾನು ಅವಳಿಗೆ ಹೇಳಿಕೊಟ್ಟೆ. ಒಂದು ಮಧ್ಯಾಹ್ನ ಪ್ರೋಗ್ರಾಮಿನ ಸಾಲೊಂದನ್ನು ತೋರಿಸಿ, ಅದರ ಮೊದಲಿಗೆ ನಕ್ಷತ್ರದ ಗುರುತು ಹಾಕಿದೆ. “ಈಗ ಈ ಸಾಲು ಕಂಪ್ಯೂಟರಿಗೆ ಕಾಣಲ್ಲ. ಅಳಿಸಿಲ್ಲ, ಇಲ್ಲೇ ಇದೆ. ಆದರೆ ಇಲ್ಲದ ಹಾಗೆ,” ಅಂದೆ. ಅವಳಿಗೆ ಅದು ತುಂಬ ಹಿಡಿಸಿತು. “ನಮ್ಮತ್ತೆ ಮಾತಿಗೆ ನಮ್ಮಪ್ಪ ಹೀಗೇ ಮಾಡ್ತಾರೆ ಕಣೆ,” ಎಂದು ನಕ್ಕಳು.

ಆ ವರ್ಷ ದೊಡ್ಡ ಕೆಲಸವೊಂದು ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕುಟುಂಬಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕು. ಆ ಪಟ್ಟಿ ನೋಡಿ ಸೀಮೆಎಣ್ಣೆ, ಸಕ್ಕರೆಯ ಹೊಸ ಕಾರ್ಡು ಕೊಡುತ್ತಾರೆ. ಯಾವ ಕಚೇರಿಯ ಕೆಲಸ ಎನ್ನುವುದು ಇಲ್ಲಿ ಬೇಡ. ಮೈಸೂರಿನ ಗುತ್ತಿಗೆದಾರನೊಬ್ಬ ಅದನ್ನು ಹಿಡಿದು ನಮ್ಮ ಮೇಷ್ಟರಿಗೆ ವಹಿಸಿದ್ದ. ಹಳ್ಳಿಗಳಲ್ಲಿ ಶಾಲೆಯ ಮೇಷ್ಟರುಗಳು ಕೈಯಲ್ಲಿ ತುಂಬಿದ ನಮೂನೆಗಳು ಗೋಣಿದಾರದಲ್ಲಿ ಕಟ್ಟಿದ ಕಂತೆ ಕಂತೆಯಾಗಿ ಬಂದು ಮೆಟ್ಟಿಲಿನ ತನಕ ಕೂತವು. ನಮ್ಮಲ್ಲೇ ಟೈಪಿಂಗ್ ಪಾಸಾದ ಆರು ಹುಡುಗಿಯರು ಎರಡು ಪಾಳಿಯಲ್ಲಿ ಟೈಪ್ ಮಾಡುವುದು, ನನ್ನ ಗೆಳತಿ ಅವರ ಮೇಲ್ವಿಚಾರಣೆ, ಪ್ರೋಗ್ರಾಂ ನನ್ನದು ಎಂದು ಗೊತ್ತಾಯಿತು.

ಮನುಷ್ಯರು ಒತ್ತುವ ಅಕ್ಷರವನ್ನು ಹಾಗೇ ನಂಬಬಾರದು ಎಂದು ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ವಿಷಯಕ್ಕೂ ಒಂದೊಂದು ಖಾನೆ. ಖಾನೆಗೆ ಬಿದ್ದದ್ದು ಸರಿಯೇ ಎಂದು ನೋಡುವ ನಿಯಮಗಳನ್ನು ನಾನೇ ಬರೆಯಬೇಕು. ವಯಸ್ಸಿನಲ್ಲಿ ಅಂಕಿ ಮಾತ್ರ ಇರಬೇಕು. ತಾಯಿಗೂ ಮಗುವಿಗೂ ಕನಿಷ್ಠ ಹನ್ನೆರಡು ವರ್ಷದ ಅಂತರ ಇರಬೇಕು. ಊರಿನ ಹೆಸರು ನಾಲ್ಕು ತಾಲ್ಲೂಕಿನ ಊರುಗಳ ಪಟ್ಟಿಯಲ್ಲಿ ಸಿಗಬೇಕು. ಸಿಗದಿದ್ದರೆ ಕಂಪ್ಯೂಟರ್ ಕೀಂ ಎಂದು ಕೂಗಿ, ಮುಂದಿನ ಖಾನೆಗೆ ಬಿಡದೆ ಅಲ್ಲೇ ನಿಲ್ಲುತ್ತಿತ್ತು. ನಮ್ಮ ಯಂತ್ರದಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ‘ವಯಸ್ಸು ತಪ್ಪು’ ಎಂದು ತೋರಿಸುವಂತೆ ಮಾಡಿದ್ದೆ. ಗೆಳತಿ ಅದನ್ನು ಓದಿ, “ಮುಖಕ್ಕೆ ಹೊಡದ್ಹಾಗೆ ಇದೆ. ‘ದಯವಿಟ್ಟು ವಯಸ್ಸು ನೋಡಿ’ ಅಂತ ಹಾಕೆ,” ಅಂದಳು. ಹಾಗೇ ಹಾಕಿದೆ. ಆ ಪ್ರೋಗ್ರಾಮಿನ ದಯವಿಟ್ಟುಗಳೆಲ್ಲ ಅವಳವೇ.

ನನ್ನ ನಿಯಮಗಳೂ ಎಡವುತ್ತಿದ್ದವು. ಹೆಸರಿಗೆ ಇಂಗ್ಲಿಷಿನಲ್ಲಿ ಕನಿಷ್ಠ ಐದು ಅಕ್ಷರ ಇರಬೇಕು ಎಂದು ಮೊದಲು ಬರೆದಿದ್ದೆ. ನಾಗಮಂಗಲದ ಕಡೆಯ ಮೊದಲ ಕಂತೆಯಲ್ಲೇ ನಾಲ್ಕಕ್ಷರದ ಹೆಸರಿನ ಮುದುಕರೊಬ್ಬರು ಬಂದು ಸಿಕ್ಕಿಕೊಂಡರು. ಹುಡುಗಿಯರು ನಕ್ಕರು. ಅವರ ಹೆಸರು ಸರಿಯಾಗೇ ಇದೆ, ತಪ್ಪಿರುವುದು ನನ್ನ ನಿಯಮದಲ್ಲಿ ಎಂದು ಒಪ್ಪಿಕೊಂಡು ತಿದ್ದಿದೆ.

ಆದರೆ ಒಂದು ನಿಯಮವನ್ನು ನಾನು ಬಿಡಲಿಲ್ಲ. ನಮೂನೆಯ ಕೊನೆಗೆ ‘ಸ್ಥಿತಿ’ ಎಂಬ ಒಂದೇ ಅಕ್ಷರದ ಖಾನೆ ಇತ್ತು. ಸ್ವಂತ ಊರಲ್ಲೇ ಇದ್ದಾರೆ ಎಂದರೆ ಎಸ್, ಹೊರಗೆ ಹೋಗಿದ್ದಾರೆ ಎಂದರೆ ಎಚ್, ದಿವಂಗತರು ಎಂದರೆ ಡಿ. ಟೈಪಿಂಗ್ ಕಲಿತವರಿಗೆ ಗೊತ್ತು, ಎಸ್ ಮತ್ತು ಡಿ ಕೀಲಿಮಣೆಯ ಮೇಲೆ ಅಕ್ಕಪಕ್ಕ. ಎಡಗೈಯ ಉಂಗುರದ ಬೆರಳು ಎಸ್, ನಡುಬೆರಳು ಡಿ. ಬೆರಳು ಒಂದು ಮನೆ ಸರಿದರೆ ಬದುಕಿದ್ದವರು ಸತ್ತಂತೆ. ಅದಕ್ಕೇ ಡಿ ಒತ್ತಿದರೆ ಮರಣ ನೋಂದಣಿಯ ಸಂಖ್ಯೆ ಕೇಳುವಂತೆ, ಸಂಖ್ಯೆ ಇಲ್ಲದೆ ಮುಂದೆ ಹೋಗದಂತೆ ಬರೆದೆ.

ತೊಂದರೆ ಅಲ್ಲೇ ಆಯಿತು. ನಿಜವಾಗಿ ಸತ್ತವರ ನಮೂನೆಗಳಲ್ಲೂ ಬಹಳಷ್ಟಕ್ಕೆ ಸಂಖ್ಯೆ ಬರೆದಿರಲಿಲ್ಲ. ಅಂಥವನ್ನು ಪಕ್ಕಕ್ಕಿಟ್ಟು ಊರಿಗೆ ವಾಪಸು ಕಳಿಸಿ ಸಂಖ್ಯೆ ತರಿಸಬೇಕು ಎಂದು ನಾನು ಹಟ ಹಿಡಿದೆ. ಪಕ್ಕಕ್ಕಿಟ್ಟ ನಮೂನೆಗಳ ರಾಶಿ ಮೇಜಿನ ಎತ್ತರಕ್ಕೆ ಬಂತು. ಕೀಂ ಸದ್ದು ದಿನವಿಡೀ ಕೇಳಿ ಹುಡುಗಿಯರಿಗೆ ತಲೆನೋವು. ಗುತ್ತಿಗೆದಾರ ಒಂದು ದಿನ ಬಂದು, ತಿಂಗಳೊಳಗೆ ಮುಗಿಸದಿದ್ದರೆ ಕಂತೆಗಳನ್ನು ಮೈಸೂರಿಗೆ ಎತ್ತಿಕೊಂಡು ಹೋಗುತ್ತೇನೆ ಎಂದು ಕೂಗಾಡಿದ.

ಅವನು ಹೋದ ಮೇಲೆ ಮೇಷ್ಟರು ನನ್ನನ್ನು ಕರೆದು, “ಆ ಸಾವಿಂದು ಒಂದನ್ನ ಸಡಿಲ ಮಾಡ್ಬುಡವ್ವ,” ಅಂದರು.

“ಬೇಡಿ ಸಾರ್. ಬೆರಳು ಜಾರಿದ್ರೆ ಬದುಕಿರೋರು ಪಟ್ಟಿಯಿಂದ ಹೋಗ್ಬುಡ್ತಾರೆ.”

ಮೇಷ್ಟರು, “ಆಯ್ತು, ನಿನ್ನಿಷ್ಟ,” ಅಂದರು. ಆ ಮಾತನ್ನು ನಾನು ನಂಬಿದೆ.

ಅದೇ ವಾರ ನನಗೆ ಜ್ವರ ಬಂದು ಮೈತುಂಬ ಗುಳ್ಳೆಯಾಗಿ ಅಮ್ಮ ಎದ್ದಿತು. ಗೆಳತಿಗೆ ಚಿಕ್ಕಂದಿನಲ್ಲೇ ಆಗಿ ಹೋಗಿದ್ದರಿಂದ ಅವಳು ಹೆದರಲಿಲ್ಲ. ತಾನೇ ನನ್ನ ಬಟ್ಟೆ ಮಡಚಿ ಚೀಲಕ್ಕೆ ತುಂಬಿ, ಬಸ್ ನಿಲ್ದಾಣದ ತನಕ ಕೈ ಹಿಡಿದು ಕರೆತಂದು, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿದಳು. “ಏನೂ ಯೋಚ್ನೆ ಮಾಡ್ಬೇಡ. ನಾನಿದೀನಲ್ಲ, ಎಲ್ಲಾ ನೋಡ್ಕೋತೀನಿ,” ಅಂದಳು. ಕೋಣೆಯ ಬೀಗದ ಕೈ ಅವಳಿಗೆ ಕೊಟ್ಟು ಬಂದೆ.

ಸಿಂಧಘಟ್ಟದಲ್ಲಿ ನನ್ನನ್ನು ನೋಡಿಕೊಂಡವರು ದೊಡ್ಡಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಹೋದ ಮೇಲೆ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದು ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ದಿನಕ್ಕೆರಡು ಸಲ ಬೇವಿನ ಸೊಪ್ಪು ತಂದು ನನ್ನ ಚಾಪೆಯ ಮೇಲೆ ಹರಡಿ, ಕೆರೆದುಕೊಳ್ಳದಂತೆ ಕೈ ಹಿಡಿದು ಕೂರುತ್ತಿದ್ದರು. “ಕೆರ್ಕಬ್ಯಾಡ ಕಣವ್ವ, ಕಲೆ ಉಳ್ಕತದೆ. ಇಂಗೆ ಸವರ್ಕ ಸಾಕು,” ಎಂದು ಹೇಳಿ ಹೇಳಿ ನನಗೆ ನಿದ್ದೆ ಬರಿಸುತ್ತಿದ್ದರು.

ಹನ್ನೆರಡು ದಿನ ಕಳೆದು ಪಾಂಡವಪುರಕ್ಕೆ ಬಂದರೆ ರಾಶಿ ಮಾಯವಾಗಿತ್ತು. ಕಂತೆಗಳೆಲ್ಲ ಮುಗಿದು ಒಳಕೋಣೆ ಸೇರಿದ್ದವು. ಹುಡುಗಿಯರು ಮೈಸೂರ್‌ಪಾಕ್ ಹಂಚಿದರು.

“ನೋಂದಣಿ ನಂಬರು?” ಎಂದು ಕೇಳಿದೆ.

“ಬಂತು ಕಣೆ. ಮೇಷ್ಟ್ರು ನಾಲ್ಕೂ ತಾಲ್ಲೂಕಿಗೆ ಹೇಳಿಕಳ್ಸಿದ್ರು, ಒಂದೇ ಸಲ ಕಳ್ಸಿಕೊಟ್ರು,” ಅಂದಳು ಗೆಳತಿ. ನನ್ನ ಕೆನ್ನೆಯ ಕಲೆ ಮುಟ್ಟಿ ನೋಡಿ, “ಇದಕ್ಕೆ ಎಳನೀರು ಹಚ್ಚು,” ಅಂದಳು. ನನಗೆ ಅನುಮಾನವೇ ಬರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಮ್ಮಪ್ಪ ದೊಡ್ಡಮ್ಮನನ್ನು ಕರೆದುಕೊಂಡು ಶಾಲೆಯ ಮೆಟ್ಟಿಲು ಹತ್ತಿ ಬಂದರು. ದೊಡ್ಡಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಊರಿನ ಚಾವಡಿಯಲ್ಲಿ ಪಟ್ಟಿ ಅಂಟಿಸಿದ್ದಾರೆ, ಅದರಲ್ಲಿ ದೊಡ್ಡಮ್ಮನ ಹೆಸರಿನ ಮುಂದೆ ದಿವಂಗತ ಎಂದಿದೆ, ಕಾರ್ಡು ಬಂದಿಲ್ಲ ಎಂದು ಅಪ್ಪ ಹೇಳಿದರು. ಅವರಿಬ್ಬರೂ ಹಿಂದಿನ ದಿನ ಕೆ.ಆರ್. ಪೇಟೆಯ ಕಚೇರಿಗೆ ಹೋಗಿ ಕೇಳಿದ್ದರು. ಅಲ್ಲಿದ್ದ ಗುಮಾಸ್ತ, ಕಂಪ್ಯೂಟರಿನಲ್ಲಿ ಹಾಗೇ ಇದೆ, ಬದುಕಿರುವುದಕ್ಕೆ ದಾಖಲೆ ತನ್ನಿ ಅಂದನಂತೆ.

“ನಾನು ನಿಂತಿವ್ನಲ್ಲಪ್ಪ ನಿನ್ ಮುಂದ್ಕೆ, ಇನ್ಯಾವ ದಾಖ್ಲೆ ಬೇಕು ಅಂದೆ,” ಅಂದರು ದೊಡ್ಡಮ್ಮ. “ಅವ್ನು ತಲೆ ಎತ್ತಿ ನನ್ ಮಕವ ನೋಡ್ನೇ ಇಲ್ಲ ಕಣವ್ವ. ಊರಾಗೆ ಎಲ್ರೂ ನಗ್ತಾವ್ರೆ. ಡೈರಿತಾವ ಒಬ್ಬ, ದೆವ್ವ ಬಂತು ಜಾಗ ಬುಡ್ರಲಾ ಅಂದ.” ಅಷ್ಟು ಹೊತ್ತು ನಗುನಗುತ್ತಲೇ ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ನಿನ್ ಮಿಸನ್ನೇ ನನ್ನ ಸಾಯಿಸ್ತೇನವ್ವ?”

ಒಳಕೋಣೆಗೆ ಹೋಗಿ ಸಿಂಧಘಟ್ಟದ ಕಂತೆ ಬಿಚ್ಚಿದೆ. ದೊಡ್ಡಮ್ಮನ ನಮೂನೆಯಲ್ಲಿ ಯಾರೋ ಮೇಷ್ಟರು ದುಂಡಗೆ ಎಸ್ ಎಂದು ಬರೆದಿದ್ದರು. ಕಂಪ್ಯೂಟರಿನಲ್ಲಿ ನೋಡಿದರೆ ಡಿ. ನೋಂದಣಿ ಸಂಖ್ಯೆಯ ಖಾನೆ ಖಾಲಿ. ಆ ಖಾನೆ ಖಾಲಿ ಇರಲು ಸಾಧ್ಯವೇ ಇರಲಿಲ್ಲ. ನಾನೇ ಬರೆದ ನಿಯಮ ಅದು.

ಪ್ರೋಗ್ರಾಂ ತೆರೆದೆ. ನನ್ನ ನಿಯಮದ ಹದಿನಾಲ್ಕು ಸಾಲುಗಳೂ ಇದ್ದವು. ಒಂದೊಂದರ ಮುಂದೆಯೂ ಒಂದೊಂದು ನಕ್ಷತ್ರ, ಒಂದರ ಕೆಳಗೊಂದು, ನೂಲು ಹಿಡಿದ ಹಾಗೆ ನೇರ. ವಯಸ್ಸಿನ ನಿಯಮಕ್ಕೂ ಹಾಗೇ, ತಾಯಿ ಮಗುವಿನದಕ್ಕೂ ಹಾಗೇ. ಫೈಲಿನ ಪಕ್ಕದ ತಾರೀಖು ನೋಡಿದೆ. ನಾನು ಊರಿಗೆ ಹೋದ ಮಾರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಅಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದು ಕೂತಿದ್ದ ದಿನಗಳಲ್ಲೇ ಇಲ್ಲಿ ಅವರನ್ನು ಸತ್ತವರ ಸಾಲಿಗೆ ಸೇರಿಸಿದ್ದರು. ನಕ್ಷತ್ರ ಹಾಕುವುದು ಆ ಶಾಲೆಯಲ್ಲಿ ನನ್ನನ್ನು ಬಿಟ್ಟರೆ ಒಬ್ಬಳಿಗೇ ಗೊತ್ತಿತ್ತು.

ಸಂಜೆ ರೂಮಿನಲ್ಲಿ ಅವಳನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

“ಮೇಷ್ಟ್ರು ಹೇಳಿದ್ರು, ಮಾಡ್ದೆ. ನೀನು ಯಾರ ಮಾತೂ ಕೇಳ್ತಿರ್ಲಿಲ್ಲ.”

“ನಂಬರು ಬಂತು ಅಂದ್ಯಲ್ಲ?”

“ಮತ್ತಿನ್ನೇನ್ ಹೇಳ್ಲಿ? ಮೈಮೇಲೆ ಅಮ್ಮ ಎದ್ದು ಬಂದಿದ್ದೆ. ಜಗಳ ಆಡ್ಬೇಕಿತ್ತಾ?”

“ನಮ್ಮ ದೊಡ್ಡಮ್ಮ ಸತ್ತಿದಾರೆ ಅಂತ ಬಂದಿದೆ. ನೀನು ಅವ್ರ ಕೈಲಿ ಊಟ ಮಾಡಿದೀಯ.”

ಅವಳ ಕೈ ಒಂದು ಕ್ಷಣ ನಿಂತಿತು. “ನಾನೇನು ಬೇಕೂಂತ ಮಾಡಿದ್ನಾ,” ಅಂದಳು. ಆಮೇಲೆ ಮತ್ತೆ ಕಲ್ಲು ಹುಡುಕತೊಡಗಿದಳು. ಅವತ್ತು ಅವಳು ಅತ್ತಿದ್ದರೆ ನಾನೂ ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತೇನೋ.

ದೊಡ್ಡಮ್ಮ ಒಬ್ಬರೇ ಅಲ್ಲ, ನಾಲ್ಕು ತಾಲ್ಲೂಕಿನಿಂದಲೂ ದೂರು ಬಂದವು. ನಾಗಮಂಗಲದಲ್ಲಿ ಅಧಿಕಾರಿಯೊಬ್ಬರು ನಮ್ಮನ್ನು ಕರೆಸಿದರು. ಹಿಂದಿನ ದಿನ ಮೇಷ್ಟರ ಹತ್ತಿರ ಹೋಗಿ ಎಲ್ಲ ಹೇಳಿದ್ದೆ. ಅವರು ತಲೆ ತಗ್ಗಿಸಿ ಕೇಳಿ, “ನಂದೇ ತಪ್ಪು ಕಣವ್ವ. ಅಲ್ಲಿ ನಾನೇ ಒಪ್ಕತೀನಿ ಬುಡು,” ಅಂದಿದ್ದರು. ಆದ್ದರಿಂದ ಜಕ್ಕನಹಳ್ಳಿ ಮೇಲೆ ಬಸ್ಸಿನಲ್ಲಿ ಹೋಗುವಾಗ ಮನಸ್ಸು ಅಷ್ಟೇನೂ ಭಾರವಾಗಿರಲಿಲ್ಲ. ಮೇಷ್ಟರು ಮುಂದಿನ ಸೀಟಿನಲ್ಲಿ, ಗೆಳತಿ ಅವರ ಹಿಂದೆ, ನಾನು ಫ್ಲಾಪಿಗಳ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅವಳ ಪಕ್ಕ.

ಅಧಿಕಾರಿ ಕಾಗದದಿಂದ ತಲೆಯೆತ್ತಿ, “ಇದು ಹೇಗಾಯ್ತು?” ಎಂದು ಮೇಷ್ಟರನ್ನು ಕೇಳಿದರು.

ಮೇಷ್ಟರು ಕೈ ಮುಗಿದರು. “ನಂಗೆ ಟೈಪಿಂಗ್ ಬಿಟ್ರೆ ಏನೂ ಬರಕಿಲ್ಲ ಸ್ವಾಮಿ. ಪ್ರೋಗ್ರಾಂ ಪೂರ್ತಿ ಈ ಹುಡ್ಗಿ ಬರ್ದಿದ್ದು,” ಎಂದು ನನ್ನ ಕಡೆ ಕೈ ತೋರಿಸಿದರು.

ನಾನು ಮಾತಾಡಲು ಬಾಯಿ ತೆರೆದೆ. ನಿಯಮ ಇತ್ತು, ನಕ್ಷತ್ರ ಹಾಕಿ ಮಲಗಿಸಿದ್ದಾರೆ, ಫೈಲಿನ ತಾರೀಖು ನೋಡಿ, ಆ ದಿನ ನಾನು ಪಾಂಡವಪುರದಲ್ಲೇ ಇರಲಿಲ್ಲ ಎಂದು ತಡವರಿಸುತ್ತ ಹೇಳಿದೆ. ಮೇಷ್ಟರು ನಿಧಾನವಾಗಿ, “ತಾರೀಖು ಯಾರ್ ಬೇಕಾದ್ರೂ ಬದ್ಲಾಯಿಸ್ಬೋದಂತೆ ಸ್ವಾಮಿ, ಇವ್ಳೇ ಯೋಳಿದ್ಲು,” ಅಂದರು. ಅದು ನಿಜ. ಒಂದು ದಿನ ಗಡಿಯಾರ ತಪ್ಪಿದ್ದಾಗ ಸರಿಮಾಡುವುದು ಹೇಗೆಂದು ಅವರಿಗೆ ತೋರಿಸಿಕೊಟ್ಟಿದ್ದೆ.

ಅಧಿಕಾರಿ ನನ್ನ ಗೆಳತಿಯ ಕಡೆ ತಿರುಗಿದರು. “ನೀನು ಹೇಳಮ್ಮ. ಪರೀಕ್ಷೆ ಮಾಡೋ ನಿಯಮ ಏನಾದ್ರೂ ಇತ್ತಾ ಅದರಲ್ಲಿ?”

“ಗೊತ್ತಿಲ್ಲ ಸಾರ್. ನಾನು ಟೈಪ್ ಮಾಡೋಳು ಅಷ್ಟೆ.”

ಪರದೆಯ ಮೇಲಿನ ‘ದಯವಿಟ್ಟು’ಗಳನ್ನು ಒಂದೊಂದಾಗಿ ಕೂತು ಹಾಕಿಸಿದವಳು ಹಾಗಂದಳು. ದನಿ ನಡುಗಲಿಲ್ಲ. ನಾನು ಫ್ಲಾಪಿಗಳ ಡಬ್ಬಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ.

ಅಧಿಕಾರಿಗೆ ನಮ್ಮ ಜಗಳದಲ್ಲಿ ಆಸಕ್ತಿ ಇರಲಿಲ್ಲ. “ಯಾರು ಕೆಡಿಸಿದ್ರೋ ಬೇಡ. ಯಾರು ಸರಿಮಾಡ್ತೀರಾ?” ಅಂದರು. ಮೇಷ್ಟರು ಗೆಳತಿಯ ಕಡೆ ನೋಡಿದರು. ಗೆಳತಿ ನೆಲ ನೋಡುತ್ತಿದ್ದಳು. ನಾನು ಮಾಡುತ್ತೇನೆ ಅಂದೆ.

ಅವರಿಬ್ಬರೂ ಮೊದಲ ಬಸ್ಸಿಗೆ ವಾಪಸು ಹೋದರು. ನಾನು ನಾಗಮಂಗಲದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಅದೇ ಕಚೇರಿಯ ಕಂಪ್ಯೂಟರಿನ ಮುಂದೆ ಒಂದು ವಾರ ಕೂತೆ. ನಕ್ಷತ್ರಗಳನ್ನು ಒಂದೊಂದಾಗಿ ತೆಗೆದೆ. ಆಗಲೇ ಏರಿಸಿದ್ದ ದಾಖಲೆಗಳನ್ನು ಮೊದಲಿನಿಂದ ಒಂದೊಂದಾಗಿ ನಿಯಮಗಳ ಮುಂದೆ ನಿಲ್ಲಿಸುವ ಪ್ರೋಗ್ರಾಂ ಬರೆದೆ. ನೋಂದಣಿ ಸಂಖ್ಯೆ ಇಲ್ಲದ ಡಿಗಳು, ಮಗಳಿಗಿಂತ ಚಿಕ್ಕವರಾದ ತಾಯಂದಿರು, ಯಾವ ಪಟ್ಟಿಯಲ್ಲೂ ಇಲ್ಲದ ಊರುಗಳು ಹೊರಬಿದ್ದವು. ಪ್ರಿಂಟರ್ ಕರ್ರ್ ಕರ್ರ್ ಎಂದು ಹಾಳೆ ಉಗುಳುತ್ತಲೇ ಇತ್ತು. ಆ ಹಾಳೆಗಳನ್ನು ನಾಲ್ಕು ತಾಲ್ಲೂಕಿಗೂ ನಾನೇ ಹೋಗಿ ಕೊಟ್ಟೆ. ಊರೂರಿಗೆ ಹೋಗಿ, ಎದುರಿಗೆ ನೋಡಿ ಗುರುತು ಹಾಕಿಕೊಂಡು ಬರುವಂತೆ ಅಧಿಕಾರಿ ಆಜ್ಞೆ ಮಾಡಿದ್ದರು. ಆ ಒಂದು ಉಪಕಾರ ಅವರಿಂದ ಆಯಿತು.

ಪಾಂಡವಪುರಕ್ಕೆ ಬಂದು ರೂಮಿನಿಂದ ನನ್ನ ಸಾಮಾನು ತೆಗೆದೆ. ಗೆಳತಿ ಇಲ್ಲದ ಹೊತ್ತು ನೋಡಿಯೇ ಹೋಗಿದ್ದೆ. ಶಾಲೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಎರಡು ತಿಂಗಳಲ್ಲಿ ತಿದ್ದಿದ ಪಟ್ಟಿ ಬಂತು. ದೊಡ್ಡಮ್ಮನಿಗೆ ಕಾರ್ಡು ಸಿಕ್ಕಿತು. ಅವರು ಅದನ್ನು ಡೈರಿಗೆ ತೆಗೆದುಕೊಂಡು ಹೋಗಿ, ದೆವ್ವ ಅಂದವನ ಮುಖಕ್ಕೆ ಹಿಡಿದು, “ಓದ್ಲಾ, ಕಣ್ಬುಟ್ಟು ಓದು,” ಅಂದರಂತೆ. ಆದರೆ ಚಾವಡಿಯ ಗೋಡೆಯ ಮೇಲೆ ಪಟ್ಟಿಯ ಕೆಳಗೆ ಒಂದು ಸಾಲು ಅಚ್ಚಾಗಿತ್ತು: ಪ್ರೋಗ್ರಾಂ ದೋಷದಿಂದ ಆಗಿದ್ದ ತಪ್ಪುಗಳನ್ನು ಸರಿಪಡಿಸಲಾಗಿದೆ. ನಾಲ್ಕು ತಾಲ್ಲೂಕಿನ ಚಾವಡಿಗಳಲ್ಲೂ ಅದೇ ಸಾಲು. ಬೇರೆ ಊರಿನವರಿಗೆ ಅದು ಏನೂ ಅಲ್ಲ. ನಮ್ಮೂರಿನಲ್ಲಿ ಮಾತ್ರ ಪ್ರೋಗ್ರಾಂ ಬರೆದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಅಪ್ಪ ಅದನ್ನು ಎರಡು ಸಲ ಓದಿ ಮನೆಗೆ ಬಂದು, ಜಗಲಿಯ ಮೇಲೆ ನನ್ನ ಪಕ್ಕ ಕೂತರು. “ನಿಂದಾವ್ವ ತಪ್ಪು?”

“ಅಲ್ಲ ಕಣಪ್ಪ.”

“ಮತ್ತೆ ಅಂಗಂತ ಬರ್ದವ್ರೆ?”

ಮೊದಲಿಂದ ಎಲ್ಲ ಹೇಳಿದೆ. ನಕ್ಷತ್ರ ಹಾಕಿದರೆ ಸಾಲು ಇಲ್ಲದ ಹಾಗಾಗುವುದನ್ನೂ ಹೇಳಿದೆ. ಅಪ್ಪನಿಗೆ ಎಷ್ಟು ಅರ್ಥವಾಯಿತೋ. ಕೊನೆಗೆ ಕೇಳಿದ್ದು ಒಂದೇ. “ಆ ಹುಡ್ಗಿ, ನಮ್ಮನೇಗೆ ಬಂದು ಉಂಡೋಗಿದ್ಲಲ್ಲ, ಅವ್ಳಾ?”

ನಾನು ಹೂಂ ಅಂದೆ. ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದರು. ಮತ್ತೆ ಯಾವತ್ತೂ ಆ ವಿಷಯ ಎತ್ತಲಿಲ್ಲ.

ಆಮೇಲೆ ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ಗೆಳತಿಯ ಮದುವೆಯ ಕಾಗದ ಬಂತು, ಹೋಗಲಿಲ್ಲ. ಮೇಷ್ಟರು ಯಾರ ಕೈಯಲ್ಲೋ ಒಂದು ಸಲ ಬಂದು ಹೋಗು ಎಂದು ಹೇಳಿ ಕಳಿಸಿದರು, ಹೋಗಲಿಲ್ಲ. ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಕೆಲಸ ಕೈತಪ್ಪಿದರೆ ಆರು ಹುಡುಗಿಯರೂ ಮನೆಗೆ ಹೋಗಬೇಕಿತ್ತು. ನಕ್ಷತ್ರ ಹಾಕಿದ್ದನ್ನು ನಾನು ಎಂದೋ ಮರೆಯಬಹುದಿತ್ತು. ‘ಗೊತ್ತಿಲ್ಲ ಸಾರ್’ ಎಂದದ್ದನ್ನು ಮರೆಯಲಾಗಲಿಲ್ಲ.

ಮೂರು ವರ್ಷ ಕಳೆದು ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸೊಂಟದ ಮೇಲೆ ಹೆಣ್ಣು ಮಗು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವಳೇ ಹತ್ತಿರ ಬಂದಳು.

“ಹೇಗಿದೀಯೇ? ಸಣ್ಣ ಆಗಿದೀಯ. ಈಗ್ಲೂ ಪ್ರೋಗ್ರಾಂ ಬರೀತೀಯಾ?”

“ಬರೀತೀನಿ.”

“ನಾನು ಎಲ್ಲಾ ಮರ್ತ್‌ಬಿಟ್ಟೆ ಕಣೆ,” ಎಂದು ನಕ್ಕಳು. ಯಾವುದನ್ನು ಮರೆತಳು ಎಂದು ಅವಳ ಮುಖ ನೋಡಿ ತಿಳಿಯಲಿಲ್ಲ. ಮಗು ನನ್ನ ಬಳೆಗೆ ಕೈ ಹಾಕಿತು. ಅಷ್ಟರಲ್ಲಿ ಕೆ.ಆರ್. ಪೇಟೆ ಬಸ್ಸು ಬಂತು, ಹತ್ತಿದೆ. ಬಸ್ಸು ಹೊರಟಾಗ ಅವಳು ಮಗುವಿನ ಕೈ ಹಿಡಿದು ಬೀಸಿಸಿದಳು. ನನ್ನ ಕೈ ತಾನಾಗಿ ಮೇಲೆದ್ದು ಬೀಸಿತು. ಸೇತುವೆ ದಾಟುವ ತನಕ, ಯಾಕೆ ಬೀಸಿದೆ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.